ಕುಜನ ಮನೆಯಲ್ಲಿ ಪಾಳಿ ಕೆಲಸ

ಶ್ರೀರಂಗಪಟ್ಟಣದಲ್ಲಿ ಬಾಹ್ಯಾಕಾಶದ ಮಾತೆತ್ತಿದರೆ ಟಿಪ್ಪುವಿನ ರಾಕೆಟ್ ಬರದೇ ಇರುವುದಿಲ್ಲ. ಬರಲಿ, ತಪ್ಪೇನಿಲ್ಲ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಉದ್ದನೆಯ ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ಆ ರಾಕೆಟ್‌ಗಳು 1780ರಲ್ಲಿ ಪೊಲ್ಲಿಲೂರಿನ ಕಾಳಗದಲ್ಲಿ ಇಂಗ್ಲಿಷರನ್ನು ಕಂಗೆಡಿಸಿದ್ದವು. 1799ರ ಏಪ್ರಿಲ್‌ನಲ್ಲಿ, ಪಟ್ಟಣದ ಹೊರಗಿನ ಸುಲ್ತಾನ್‌ಪೇಟೆ ತೋಪಿಗೆ ರಾತ್ರಿ ನುಗ್ಗಿದ ಆರ್ಥರ್ ವೆಲ್ಲೆಸ್ಲಿ ರಾಕೆಟ್ ಮತ್ತು ಬಂದೂಕಿನ ಏಟಿಗೆ ಹಿಂದೆ ಸರಿಯಬೇಕಾಯಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಪಟ್ಟಣ ಬಿದ್ದ ಮೇಲೆ ಕೆಲವು ರಾಕೆಟ್‌ಗಳು ಇಂಗ್ಲೆಂಡಿನ ವೂಲಿಚ್ ಸೇರಿದವು. ವಿಲಿಯಂ ಕಾಂಗ್ರೀವ್ ಅದೇ ಜಾಡು ಹಿಡಿದು ತನ್ನ ಹೆಸರಿನ ರಾಕೆಟ್ ಮಾಡಿದ.

ಆದರೆ ರಾಕೆಟ್ಟಿನ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. 2013ರ ನವೆಂಬರ್ 5ರ ಮಧ್ಯಾಹ್ನ 2.38ಕ್ಕೆ ಶ್ರೀಹರಿಕೋಟಾದಿಂದ ಹೊರಟ ಪಿಎಸ್‌ಎಲ್‌ವಿ-ಸಿ25, ಸುಮಾರು 44 ನಿಮಿಷದಲ್ಲಿ ಮಂಗಳಯಾನ ನೌಕೆಯನ್ನು ಭೂಮಿಯ ಸುತ್ತಿನ ಕಕ್ಷೆಗೆ ಬಿಟ್ಟು ತನ್ನ ಪಾಡಿಗೆ ತಾನು ಮುಗಿದುಹೋಯಿತು. ಆಮೇಲಿನದ್ದು 2022ರ ಏಪ್ರಿಲ್‌ವರೆಗೆ ನಡೆದ ಕೆಲಸ. ಆ ಎಂಟೂ ಚಿಲ್ಲರೆ ವರ್ಷಗಳಲ್ಲಿ ಟಿ.ವಿ. ಕ್ಯಾಮೆರಾಗಳು ಮುಗಿಬಿದ್ದದ್ದು ಹೆಚ್ಚೆಂದರೆ ಎರಡು ದಿನ: ಹಾರಿದ ದಿನ, ಮುಟ್ಟಿದ ದಿನ. ಮಿಕ್ಕ ದಿನಗಳಲ್ಲಿ ಬ್ಯಾಟರಿ ನೋಡುವುದು, ಇಂಧನದ ಲೆಕ್ಕ ಬರೆಯುವುದು, ಆಂಟೆನಾದ ಪಾಳಿಗೆ ಕಾಯುವುದು, ನೆರಳು ಎಂದು ಬೀಳುತ್ತದೆಂದು ಮೊದಲೇ ಗುಣಿಸಿಡುವುದು. ಮಂಗಳಯಾನದ ನಿಜವಾದ ಸಾಹಸ ಈ ನೀರಸ ದಿನಚರಿಯಲ್ಲಿದೆ.

ಈ ದಿನಚರಿ ನಡೆದ ಜಾಗ ಮಂಡ್ಯದವರಿಗೆ ದೂರದ್ದಲ್ಲ. ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿಡದಿ ಬರುತ್ತದಲ್ಲ, ಅದರ ಉತ್ತರಕ್ಕೆ ಬ್ಯಾಲಾಳು ಎಂಬ ಹಳ್ಳಿ. ಸುತ್ತ ಗುಡ್ಡ, ನಡುವೆ ತಗ್ಗು; ನಗರದ ರೇಡಿಯೊ ಗದ್ದಲ ಒಳಗೆ ನುಸುಳದ ಜಾಗವೆಂದೇ ಇಸ್ರೊ ಅದನ್ನು ಆರಿಸಿಕೊಂಡಿತು. ಚಂದ್ರಯಾನ-1ಕ್ಕಾಗಿ 2008ರಲ್ಲಿ ಅಲ್ಲಿ 32 ಮೀಟರ್ ಮತ್ತು 18 ಮೀಟರ್ ಅಡ್ಡಗಲದ ಎರಡು ಡಿಶ್ ಆಂಟೆನಾಗಳು ಎದ್ದು ನಿಂತವು. ಇತ್ತ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್‌ನಲ್ಲಿ ಪಶ್ಚಿಮಕ್ಕೆ ತಿರುಗಿದರೆ, ಇಲ್ಲವೇ ಕೆ.ಆರ್. ಪೇಟೆಯಿಂದ ಚನ್ನರಾಯಪಟ್ಟಣದ ಮೇಲೆ ಹೋದರೆ ಹಾಸನ. ಅಲ್ಲಿನ ಸಾಲಗಾಮೆ ರಸ್ತೆಯಲ್ಲಿದೆ ಇನ್ಸಾಟ್ ಉಪಗ್ರಹಗಳನ್ನು 1982ರಿಂದ ಕಾಯುತ್ತಿರುವ ಮುಖ್ಯ ನಿಯಂತ್ರಣ ಕೇಂದ್ರ. ಅಂದರೆ ಮಂಡ್ಯ ಜಿಲ್ಲೆಯ ಒಂದು ಮಗ್ಗುಲಿಗೆ ಭೂಮಿ ಸುತ್ತುವ ಉಪಗ್ರಹಗಳ ಕಾವಲು, ಇನ್ನೊಂದು ಮಗ್ಗುಲಿಗೆ ಬೇರೆ ಲೋಕದ ನೌಕೆಗಳ ಕಾವಲು. ಬ್ಯಾಲಾಳಿನ ಕಿವಿಗೆ ಬಿದ್ದದ್ದನ್ನು ಓದಿ ಆದೇಶ ಬರೆಯುವವರು ಕೂರುವುದು ಬೆಂಗಳೂರಿನ ಪೀಣ್ಯದಲ್ಲಿ, ಇಸ್ಟ್ರಾಕ್ ಕೇಂದ್ರದಲ್ಲಿ.

ಹಾಸನದ ಕಾವಲು ಮೊದಲ ಪಾಠವನ್ನು ಕಷ್ಟದಲ್ಲೇ ಕಲಿತಿತ್ತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ, ಇಂಧನ ಬರಿದಾಗಿ ಅದೇ ಸೆಪ್ಟೆಂಬರ್‌ನಲ್ಲಿ ಕೈಬಿಟ್ಟಿತು. ಉಪಗ್ರಹ ಕೆಟ್ಟು ಮಾತ್ರವಲ್ಲ, ದಿಕ್ಕು ತಪ್ಪಿ, ಅದನ್ನು ಸರಿಪಡಿಸಲು ಇಂಧನ ಸುಟ್ಟೂ ನಿಲ್ಲಬಹುದು ಎಂಬುದು ಅಂದೇ ಗೊತ್ತಾಗಿತ್ತು. ಮಂಗಳಯಾನದ ಕೊನೆಯ ಅಧ್ಯಾಯಕ್ಕೂ ಈ ಮಾತು ಸಲ್ಲುತ್ತದೆ.

ನೌಕೆ ಮಂಗಳನನ್ನು ಮುಟ್ಟಿದ 2014ರ ಸೆಪ್ಟೆಂಬರ್ 24ರ ಬೆಳಗನ್ನು ಎಲ್ಲರೂ ನೋಡಿದ್ದಾರೆ, ಹಾಗಾಗಿ ಚುಟುಕಾಗಿ ಹೇಳಿದರೆ ಸಾಕು. ಸುಮಾರು 300 ದಿನ ತೆಪ್ಪಗಿದ್ದ ಮುಖ್ಯ ಎಂಜಿನ್ ಹೊತ್ತಿಕೊಳ್ಳುವುದೋ ಇಲ್ಲವೋ ಎಂಬುದೇ ಆತಂಕ. ಎರಡು ದಿನ ಮುಂಚೆ ನಾಲ್ಕು ಸೆಕೆಂಡಿನಷ್ಟು ಹೊತ್ತಿಸಿ ಪರೀಕ್ಷಿಸಿದ್ದರು. 24ರಂದು ಬೆಳಿಗ್ಗೆ 7.17ಕ್ಕೆ ಶುರುವಾದ ಉರಿ 1,388 ಸೆಕೆಂಡು ನಡೆಯಿತು. ಅದರ ಬಹುಪಾಲು ನಡೆದದ್ದು ನೌಕೆ ಮಂಗಳನ ಮರೆಯಲ್ಲಿದ್ದಾಗ. ಆದೇಶಗಳನ್ನೆಲ್ಲ ಹತ್ತು ದಿನ ಮೊದಲೇ ನೌಕೆಯ ಕಂಪ್ಯೂಟರಿಗೆ ತುಂಬಿಯಾಗಿತ್ತು. ಸುದ್ದಿ ಭೂಮಿಗೆ ಬರಲು ಹನ್ನೆರಡೂವರೆ ನಿಮಿಷ. ಎಂಟರ ಹೊತ್ತಿಗೆ ಪೀಣ್ಯದಲ್ಲಿ ಚಪ್ಪಾಳೆ. ಮೊದಲ ಯತ್ನಕ್ಕೇ ಮಂಗಳನನ್ನು ಮುಟ್ಟಿದ್ದು, ಅದೂ 450 ಕೋಟಿ ರೂಪಾಯಿಯಲ್ಲಿ, ಎಂದು ಮರುದಿನದ ಪತ್ರಿಕೆಗಳು ಹೊಗಳಿದವು. ಸರಿಯೇ.

ಅಂದಿನಿಂದ ನೌಕೆಯ ಒಂದು ಸುತ್ತಿಗೆ ಸುಮಾರು 73 ಗಂಟೆ. ಹತ್ತಿರ ಬಂದಾಗ ಮಂಗಳನ ನೆಲದಿಂದ 422 ಕಿ.ಮೀ., ದೂರ ಹೋದಾಗ 77 ಸಾವಿರ ಕಿ.ಮೀ. ಇಷ್ಟು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆ ಬೇಕೆಂದು ಬಯಸಿದ್ದಲ್ಲ, ಇದ್ದ ಇಂಧನದಲ್ಲಿ ದಕ್ಕಿದ್ದು. ಹೊರಟಾಗ 1,337 ಕೆ.ಜಿ. ತೂಗುತ್ತಿದ್ದ ನೌಕೆಯಲ್ಲಿ 852 ಕೆ.ಜಿ. ಬರೀ ಇಂಧನ. ಮಂಗಳನ ಬಳಿ ಬ್ರೇಕ್ ಹಾಕಿ ನಿಂತಾಗ ಉಳಿದದ್ದು ಹೆಚ್ಚುಕಡಿಮೆ 40 ಕೆ.ಜಿ. ಇನ್ನು ಬದುಕಿದಷ್ಟು ದಿನ ಅದರಲ್ಲೇ ಸಂಸಾರ.

ಆ ಕಕ್ಷೆಯಿಂದ ಲಾಭವೂ ಆಯಿತೆನ್ನಿ. ದೂರದ ತುದಿಯಿಂದ ಮಂಗಳನ ಇಡೀ ಗೋಲ ಒಂದೇ ಚಿತ್ರದಲ್ಲಿ ಸಿಗುತ್ತಿತ್ತು, ನೆಲಕ್ಕೆ ಹತ್ತಿರವಾಗಿ ಸುತ್ತುವ ನೌಕೆಗಳಿಗೆ ಆ ಭಾಗ್ಯವಿಲ್ಲ. ಡೀಮೋಸ್ ಎಂಬ ಪುಟ್ಟ ಚಂದ್ರನ ಆಚೆ ಮಗ್ಗುಲಿನ ಚಿತ್ರವೂ ಹೀಗೇ ಸಿಕ್ಕಿತು.

ನೌಕೆಯ 2.2 ಮೀಟರಿನ ಮುಖ್ಯ ಆಂಟೆನಾ ಅದರ ಮೈಗೇ ಬಿಗಿದದ್ದು, ಅದೊಂದೇ ಹೊರಳುವುದಿಲ್ಲ. ಭೂಮಿಯೊಡನೆ ಮಾತಾಡಬೇಕಾದರೆ ಇಡೀ ನೌಕೆ ಭೂಮಿಯತ್ತ ತಿರುಗಬೇಕು, ಮಂಗಳನ ಚಿತ್ರ ತೆಗೆಯಬೇಕಾದರೆ ಇಡೀ ನೌಕೆ ಮಂಗಳನತ್ತ ತಿರುಗಬೇಕು. ಈ ಹೊರಳಾಟ ಮಾಡಿಸುವುದು ಹೊಟ್ಟೆಯೊಳಗಿನ ನಾಲ್ಕು ರಿಯಾಕ್ಷನ್ ವೀಲ್‌ಗಳು. ಗಾಲಿ ಒಂದು ದಿಕ್ಕಿಗೆ ಜೋರಾಗಿ ತಿರುಗಿದರೆ ನೌಕೆ ಎದುರು ದಿಕ್ಕಿಗೆ ಮೆಲ್ಲಗೆ ತಿರುಗುತ್ತದೆ. ಕರೆಂಟು ಸಾಕು, ಇಂಧನ ಬೇಡ. ಕೇಳಲು ಚೆನ್ನಾಗಿದೆ. ಆದರೆ ಮಂಗಳಯಾನಕ್ಕೆ ಸೌರಫಲಕ ಇದ್ದದ್ದು ಒಂದೇ ಪಕ್ಕಕ್ಕೆ. ಬಿಸಿಲಿಗೂ ತಳ್ಳುವ ಶಕ್ತಿ ಇದೆ, ತೀರ ಸಣ್ಣದು. ಒಂದು ಪಕ್ಕಕ್ಕೆ ಮಾತ್ರ ಬಿದ್ದರೆ ದಿನವಿಡೀ ನೌಕೆಯನ್ನು ಓರೆ ಮಾಡುತ್ತಲೇ ಇರುತ್ತದೆ. ಆ ಓರೆಯನ್ನು ಗಾಲಿಗಳು ವೇಗ ಹೆಚ್ಚಿಸಿಕೊಂಡು ತಡೆಯುತ್ತವೆ. ಒಂದು ಹಂತದಲ್ಲಿ ಇನ್ನು ಜೋರಾಗಿ ತಿರುಗಲು ಆಗದು. ಆಗ ಸಣ್ಣ ಥ್ರಸ್ಟರ್‌ಗಳನ್ನು ತುಸು ಉರಿಸಿ, ಗಾಲಿಯ ವೇಗ ಇಳಿಸಿ, ಲೆಕ್ಕ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಒಂದೊಂದು ಸಲಕ್ಕೆ ಖರ್ಚಾಗುವುದು ಚಿಟಿಕೆಯಷ್ಟು ಇಂಧನ. ವರ್ಷಗಟ್ಟಲೆ ಮಾಡಿದರೆ ಕೆ.ಜಿ.ಗಳು.

ಇದನ್ನು ಕ್ಷುಲ್ಲಕ ಎಂದುಕೊಂಡರೆ ಏನಾಗುತ್ತದೆ? ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಉತ್ತರ ಕೊಟ್ಟಿದೆ. ಅದಕ್ಕೂ ಸೌರಫಲಕ ಒಂದೇ ಪಕ್ಕಕ್ಕಿತ್ತು, ಹಾಗಾಗಿ ಗಾಲಿಯ ವೇಗ ಇಳಿಸುವ ಕೆಲಸ ಅಂದುಕೊಂಡದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಸಲ ಬಿತ್ತು. ಪ್ರತಿ ಸಲ ಥ್ರಸ್ಟರ್ ಎಷ್ಟು ತಳ್ಳಿತೆಂಬ ಲೆಕ್ಕವನ್ನು ಒಂದು ತಂಡದ ತಂತ್ರಾಂಶ ಪೌಂಡಿನಲ್ಲಿ ಬರೆದುಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ಓದಿಕೊಂಡಿತು. ತಿಂಗಳುಗಟ್ಟಲೆ ಕೂಡಿಕೊಂಡ ತಪ್ಪಿನ ಫಲ: 1999ರ ಸೆಪ್ಟೆಂಬರ್ 23ರಂದು, ಸುಮಾರು 226 ಕಿ.ಮೀ. ಎತ್ತರದಲ್ಲಿ ಹಾಯಬೇಕಿದ್ದ ನೌಕೆ 57 ಕಿ.ಮೀ.ಗೇ ಇಳಿದು ಮಂಗಳನ ಗಾಳಿಯಲ್ಲಿ ಹಾಳಾಯಿತು. ಅಲ್ಲಿ ಎಂಜಿನ್ ಕೆಟ್ಟಿರಲಿಲ್ಲ, ರಾಕೆಟ್ ತಪ್ಪಿರಲಿಲ್ಲ. ದಿನಚರಿಯ ಪುಸ್ತಕದಲ್ಲಿ ತಪ್ಪಾಗಿತ್ತು.

ಮಂಗಳ ಭೂಮಿಗೆ ಅತಿ ಹತ್ತಿರ ಬಂದಾಗ ಸುಮಾರು ಐದೂವರೆ ಕೋಟಿ ಕಿ.ಮೀ., ಅತಿ ದೂರ ಹೋದಾಗ 40 ಕೋಟಿ ಕಿ.ಮೀ. ಬೆಳಕಿನ ವೇಗದಲ್ಲಿ ಹೋಗುವ ರೇಡಿಯೊ ಸಂದೇಶಕ್ಕೇ ಮೂರರಿಂದ 22 ನಿಮಿಷ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಹಾಸನದವರು ಉಪಗ್ರಹಕ್ಕೆ ಒಂದು ಮಾತು ಹೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಪೀಣ್ಯದವರಿಗೆ ಅದು ಸಾಧ್ಯವಿಲ್ಲ. ಇದನ್ನು ಮಂಡ್ಯದ ನೀರುಗಂಟಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರು ಪಾಂಡವಪುರ ಹಾದು ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ ಮುಟ್ಟಲು ದಿನಗಳೇ ಹಿಡಿಯುತ್ತವೆ; ತೂಬು ಎತ್ತಿದವನು ಕೊನೆಯ ಗದ್ದೆಯನ್ನು ಕಣ್ಣಾರೆ ನೋಡಿ ಎತ್ತುವುದಿಲ್ಲ, ಲೆಕ್ಕ ಹಾಕಿ ಎತ್ತುತ್ತಾನೆ. ನೀರು ಕಡಿಮೆಯಿದ್ದರೆ ಕಟ್ಟು ಪದ್ಧತಿ: ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಬ್ಯಾಲಾಳಿನ ಡಿಶ್ ಸಮಯವೂ ಹಾಗೆಯೇ ಪಾಳಿಯದು. ಭೂಮಿ ತಿರುಗುವುದರಿಂದ ಮಂಗಳ ಮುಳುಗಿದ ಮೇಲೆ ಬ್ಯಾಲಾಳಿಗೆ ನೌಕೆ ಕೇಳಿಸದು. ಆಗ ನಾಸಾದ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಆಂಟೆನಾಗಳಲ್ಲಿ ಸಮಯ ಕೇಳಿಕೊಳ್ಳಬೇಕು. 2019ರಲ್ಲಿ ಚಂದ್ರಯಾನ-2 ಚಂದ್ರನ ಕಕ್ಷೆ ಸೇರಿದ ಮೇಲೆ ಮನೆಯ ಡಿಶ್‌ಗೇ ಇನ್ನೊಬ್ಬ ಪಾಲುದಾರ.

ಹಾಗಾಗಿ ನೌಕೆಗೆ ದಿನಗಟ್ಟಲೆಯ ಆದೇಶವನ್ನು ಗಡಿಯಾರದ ಹೊತ್ತು ನಮೂದಿಸಿ ಮೊದಲೇ ಕಳಿಸುತ್ತಾರೆ: ಇಷ್ಟು ಗಂಟೆಗೆ ಈ ಕಡೆ ತಿರುಗು, ಇಷ್ಟು ಗಂಟೆಗೆ ಕ್ಯಾಮೆರಾ ತೆರೆ, ಇಷ್ಟು ಗಂಟೆಗೆ ಭೂಮಿಯತ್ತ ಬಾ. ಏನಾದರೂ ಎಡವಟ್ಟಾದರೆ ನೌಕೆ ತಾನೇ ಗುರುತಿಸಿ, ಕೆಲಸ ನಿಲ್ಲಿಸಿ, ಫಲಕವನ್ನು ಸೂರ್ಯನಿಗೊಡ್ಡಿ, ಆಂಟೆನಾವನ್ನು ಭೂಮಿಗೊಡ್ಡಿ ಸುಮ್ಮನೆ ಕಾಯಬೇಕು. ಅದಕ್ಕೆ ‘ಸೇಫ್ ಮೋಡ್’ ಎನ್ನುತ್ತಾರೆ.

ಮಂಗಳನೇ ಪಂಚಾಂಗದ ಕುಜ. ನಾಗಮಂಗಲ, ಕೆ.ಆರ್. ಪೇಟೆ ಕಡೆ ಸಂಬಂಧ ಕುದುರಿಸುವಾಗ ಕುಜದೋಷದ ಮಾತು ಬಾರದಿರುವುದು ಅಪರೂಪ. ಜಾತಕದ ಎಂಟನೇ ಮನೆಯ ಕುಜ ಎಷ್ಟು ಮದುವೆ ಮುರಿದಿದ್ದಾನೋ ಲೆಕ್ಕವಿಟ್ಟವರಿಲ್ಲ. ಪಂಚಾಂಗದಲ್ಲಿ ಇನ್ನೊಂದು ಸಂಗತಿಯೂ ಇದೆ, ಅದಕ್ಕೆ ಪೀಣ್ಯದವರೂ ತಲೆಬಾಗಲೇಬೇಕು. ಅದು ಕುಜನ ಅಸ್ತ. ಮಂಗಳ ಸೂರ್ಯನಿಂದ 17 ಡಿಗ್ರಿಯೊಳಗೆ ಬಂದರೆ ಅಸ್ತನಾದನೆಂದು ಸೂರ್ಯಸಿದ್ಧಾಂತದ ಲೆಕ್ಕ, ಏಕೆಂದರೆ ಆಗ ಅವನು ಕಣ್ಣಿಗೆ ಕಾಣುವುದಿಲ್ಲ. ರೇಡಿಯೊಗೆ ಅಷ್ಟು ಬೇಗ ಕುರುಡು ಕವಿಯದು. ಆದರೆ ಒಂದೆರಡು ಡಿಗ್ರಿಯಷ್ಟು ಹತ್ತಿರ ಬಂದಾಗ ಸೂರ್ಯನ ಸುತ್ತಲಿನ ಬಿಸಿ ಅನಿಲ ಸಂದೇಶವನ್ನು ಕಲಸಿಬಿಡುತ್ತದೆ. 2015ರ ಜೂನ್ 14ರ ಆಸುಪಾಸಿನಲ್ಲಿ ಹಾಗಾಯಿತು. ಅರ್ಧ ಸಂದೇಶ ತಲುಪಿ ನೌಕೆ ಅಡ್ಡ ಅರ್ಥ ಮಾಡಿಕೊಳ್ಳುವುದಕ್ಕಿಂತ ಏನೂ ಹೇಳದಿರುವುದೇ ಮೇಲೆಂದು ಇಸ್ರೊ ಬಾಯಿ ಕಟ್ಟಿಕೊಂಡು ಕೂತಿತು. ಮಂಗಳಯಾನ ಮೊದಲ ಬಾರಿಗೆ ವಾರಗಟ್ಟಲೆ ಒಂಟಿಯಾಗಿ ತನ್ನ ಯೋಗಕ್ಷೇಮ ತಾನೇ ನೋಡಿಕೊಂಡಿತು, ಮರೆಯಿಂದ ಹೊರಬಂದಾಗ ಸರಿಯಾಗಿಯೇ ಇತ್ತು.

ಸೋಜಿಗವೆಂದರೆ ಇದಕ್ಕೆ ತದ್ವಿರುದ್ಧವಾದ ದಿನಗಳಲ್ಲೂ ಅದೇ ಮೌನ. 2016ರ ಮೇ ಕೊನೆಯಲ್ಲಿ ಮಂಗಳ ಭೂಮಿಗೆ ಹತ್ತಿರ ಬಂದು ಕೆಂಪಗೆ ಬೆಳಗುತ್ತಿತ್ತು. ಮೇಲುಕೋಟೆ ಬೆಟ್ಟದ ಮೇಲೆ ನಿಂತವರಿಗೆ ನಡುರಾತ್ರಿ ದಕ್ಷಿಣದ ಆಕಾಶದಲ್ಲಿ ಹುಡುಕುವ ಕೆಲಸವೇ ಇರಲಿಲ್ಲ. ಅದೇ ಹೊತ್ತಿಗೆ ಮಂಗಳನಿಂದ ನೋಡಿದರೆ ಭೂಮಿಯ ಬೆನ್ನಿಗೆ ಸೂರ್ಯ. ನೌಕೆಯ ಆಂಟೆನಾ ಭೂಮಿಯತ್ತ ಕಿವಿಗೊಟ್ಟರೆ ಹಿಂದಿನ ಸೂರ್ಯನ ಗದ್ದಲವೂ ಒಳಗೆ. ಮೇ 18ರಿಂದ 30ರವರೆಗೆ ಮತ್ತೆ ಮಾತುಕತೆ ಬಂದ್.

ಇವೆಲ್ಲಕ್ಕಿಂತ ಹೆಚ್ಚು ಕಾಡಿದ್ದು ನೆರಳು.

ಹಾಸನದ ಪಾಳಿಯವರಿಗೆ ನೆರಳು ಹೊಸದಲ್ಲ. ಭೂಸ್ಥಿರ ಉಪಗ್ರಹಗಳು ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಸುತ್ತಮುತ್ತ ಸುಮಾರು 45 ದಿನ, ಪ್ರತಿ ರಾತ್ರಿ ಭೂಮಿಯ ನೆರಳಿಗೆ ಹೋಗುತ್ತವೆ. ಹೆಚ್ಚೆಂದರೆ 72 ನಿಮಿಷ. ಅಷ್ಟು ಹೊತ್ತು ಬ್ಯಾಟರಿ ಸಾಕು. ಮಂಗಳಯಾನದ ಬ್ಯಾಟರಿಯ ತಾಳಿಕೆ ಸುಮಾರು ಒಂದು ಗಂಟೆ 40 ನಿಮಿಷ. ಆದರೆ ಆ ಕಕ್ಷೆಯ ಗುಣ ನೋಡಿ: ಹತ್ತಿರದ ತುದಿಯಲ್ಲಿ ನೌಕೆ ಸೆಕೆಂಡಿಗೆ 4.6 ಕಿ.ಮೀ. ಓಡುತ್ತದೆ, ದೂರದ ತುದಿಯಲ್ಲಿ ಬರೀ 220 ಮೀಟರ್. ಮಂಗಳನ ಅಡ್ಡಗಲ ಸುಮಾರು 6,780 ಕಿ.ಮೀ. ಅದರ ನೆರಳು ದೂರದ ತುದಿಯ ಮೇಲೇ ಬಿದ್ದರೆ, ಅದನ್ನು ದಾಟಲು ಎಂಟು ಗಂಟೆಗೂ ಹೆಚ್ಚು. ಫಲಕಕ್ಕೆ ಬಿಸಿಲಿಲ್ಲ, ಬ್ಯಾಟರಿ ಬರಿದು, ಹೀಟರುಗಳು ಆರಿ ಎಲ್ಲವೂ ಹೆಪ್ಪುಗಟ್ಟುವ ಚಳಿ.

2017ರಲ್ಲಿ ಇಂಥ ನೆರಳುಗಳ ಸಾಲು ಬರುತ್ತದೆಂದು ಲೆಕ್ಕ ಹೇಳಿತು. ಆಗ ಇಸ್ರೊ ಅಧ್ಯಕ್ಷರು ಎ.ಎಸ್. ಕಿರಣ್ ಕುಮಾರ್. ಹಾಸನ ಜಿಲ್ಲೆಯ ಆಲೂರಿನವರು; ಮಂಗಳಯಾನದ ಕ್ಯಾಮೆರಾ ತಯಾರಾದ ಅಹಮದಾಬಾದ್ ಕೇಂದ್ರವನ್ನು ಅದಕ್ಕೂ ಮುಂಚೆ ನಡೆಸಿದ್ದವರು. ಆರು ತಿಂಗಳಿಗೆಂದು ಕಳಿಸಿದ ನೌಕೆ ಅಷ್ಟರಲ್ಲಿ ಎರಡು ವರ್ಷ ದಾಟಿತ್ತು, ಸಾಕೆಂದು ಬಿಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬಿಡಲಿಲ್ಲ. ಜನವರಿ 17ರ ಸಂಜೆ ಎಂಟೂ ಸಣ್ಣ ಥ್ರಸ್ಟರ್‌ಗಳನ್ನು 431 ಸೆಕೆಂಡು ಉರಿಸಿದರು. ಕಕ್ಷೆ ನೆರಳಿನ ಹಾದಿಯಿಂದ ಸರಿಯಿತು. ಖರ್ಚಾದದ್ದು 20 ಕೆ.ಜಿ., ಉಳಿದದ್ದು 13 ಕೆ.ಜಿ. ಇದ್ದ ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಸಂಜೆ ಸುರಿದು ಐದು ವರ್ಷ ಆಯುಸ್ಸು ಕೊಂಡರು. 2014ರ ಬೆಳಗಿನಷ್ಟೇ ದೊಡ್ಡ ನಿರ್ಧಾರವಿದು. ಒಳಪುಟದ ಸುದ್ದಿಯಾಗಿ ಮುಗಿಯಿತು.

ಸಣ್ಣಪುಟ್ಟ ಗಂಡಾಂತರಗಳೂ ಇದ್ದವು. ಕಕ್ಷೆ ಸೇರಿ ತಿಂಗಳೂ ತುಂಬುವ ಮೊದಲೇ, 2014ರ ಅಕ್ಟೋಬರ್ 19ರಂದು ಸೈಡಿಂಗ್ ಸ್ಪ್ರಿಂಗ್ ಧೂಮಕೇತು ಮಂಗಳನಿಂದ ಕೇವಲ 1.4 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಅದರ ಧೂಳು ಬಡಿಯುವ ಹೊತ್ತಿಗೆ ಮಂಗಳನ ಮರೆಯಲ್ಲಿರುವಂತೆ ನಾಸಾ ತನ್ನ ಮೂರು ನೌಕೆಗಳನ್ನೂ, ಇಸ್ರೊ ತನ್ನದನ್ನೂ ಸರಿಹೊಂದಿಸಿದವು. ಮಂಗಳಯಾನಕ್ಕಿಂತ ಎರಡು ದಿನ ಮೊದಲು ಬಂದಿದ್ದ ನಾಸಾದ ಮೇವನ್ ನೌಕೆ 2017ರ ಮಾರ್ಚ್‌ನಲ್ಲಿ ಫೋಬೋಸ್ ಚಂದ್ರನಿಗೇ ಡಿಕ್ಕಿ ಹೊಡೆಯುವ ಸಂಭವವಿತ್ತು. ವೇಗವನ್ನು ಸೆಕೆಂಡಿಗೆ ಅರ್ಧ ಮೀಟರಿಗೂ ಕಡಿಮೆ ಬದಲಿಸಿ ತಪ್ಪಿಸಿದರು.

ಇಷ್ಟೆಲ್ಲ ಜೋಪಾನ ಮಾಡಿ ಸಿಕ್ಕಿದ್ದೇನು ಎಂದು ಕೇಳುವವರಿದ್ದಾರೆ, ಕೇಳಬೇಕು ಕೂಡ. ಹೊತ್ತೊಯ್ದ ಉಪಕರಣಗಳು ಐದು, ಒಟ್ಟು ತೂಕ 15 ಕೆ.ಜಿ. ಬಹಳ ಸದ್ದು ಮಾಡಿದ್ದ ಮೀಥೇನ್ ಸೆನ್ಸರ್‌ನಿಂದ ಮೀಥೇನ್ ಬಗ್ಗೆ ನಿರೀಕ್ಷಿಸಿದ ಫಲ ಬರಲಿಲ್ಲ. ನೆಲ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆಂದು ಅಳೆಯಲು ಬಳಸಿಕೊಂಡರು. ಮೇಲ್ವಾತಾವರಣದ ಬಿಸಿ ಆರ್ಗಾನ್ ಪರಮಾಣುಗಳನ್ನು ಗುರುತಿಸಿದ್ದು ಗಟ್ಟಿ ಕೆಲಸ. ಕ್ಯಾಮೆರಾ ಮಾತ್ರ ಮೋಸ ಮಾಡಲಿಲ್ಲ. ಮೊದಲ ವರ್ಷ ತುಂಬಿದಾಗ ಅದರ ಚಿತ್ರಗಳಿಂದ ಮಂಗಳನ ಅಟ್ಲಾಸ್ ಹೊರಬಂತು. 2020ರ ಜುಲೈ 1ರಂದು 4,200 ಕಿ.ಮೀ. ದೂರದಿಂದ ಫೋಬೋಸ್‌ನ ಚಿತ್ರ ತೆಗೆದಾಗ ನೌಕೆಗೆ ಆರನೇ ವರ್ಷ. ಅಂದಹಾಗೆ, 2016ರ ನವೆಂಬರ್‌ನಲ್ಲಿ ಬಂದ 2000 ರೂಪಾಯಿ ನೋಟಿನ ಬೆನ್ನ ಮೇಲಿದ್ದದ್ದು ಇದೇ ನೌಕೆ. ಆ ನೋಟನ್ನು 2023ರ ಮೇನಲ್ಲಿ ರಿಸರ್ವ್ ಬ್ಯಾಂಕ್ ವಾಪಸ್ ಪಡೆಯಿತು. ಬಾಳಿಕೆಯಲ್ಲಿ ನೌಕೆಯದೇ ಒಂದು ಕೈ ಮೇಲು.

2022ರ ಏಪ್ರಿಲ್‌ನಲ್ಲಿ ಮತ್ತೆ ಉದ್ದನೆಯ ನೆರಳು. ಈ ಸಲ ಕಕ್ಷೆ ಸರಿಸಲು ಗಂಟಿನಲ್ಲಿ ಸಾಕಷ್ಟು ಉಳಿದಿರಲಿಲ್ಲ. ನೆರಳಿಗೆ ಹೋದ ನೌಕೆಯಿಂದ ಮತ್ತೆ ದನಿ ಬರಲಿಲ್ಲ. ಇಂಧನ ತೀರಿರಬೇಕು, ಹಾಗಾಗಿ ಫಲಕವನ್ನು ಸೂರ್ಯನತ್ತ ಹಿಡಿದಿಡಲು ಆಗಿರಲಿಕ್ಕಿಲ್ಲ ಎಂದು ತೀರ್ಮಾನಿಸಿದ ಇಸ್ರೊ, ಅಕ್ಟೋಬರ್ 3ರಂದು ನೌಕೆಯನ್ನು ಇನ್ನು ಮರಳಿ ಪಡೆಯಲಾಗದೆಂದು ಪ್ರಕಟಿಸಿತು. ಅಷ್ಟು ಹೊತ್ತಿಗೆ ಆರು ತಿಂಗಳ ಆಯುಸ್ಸಿನ ಯಂತ್ರ ಮಂಗಳನ ಸುತ್ತ ಏಳೂವರೆ ವರ್ಷ ದುಡಿದಿತ್ತು. ನಾಸಾದ ಒಡಿಸ್ಸಿ 2001ರಲ್ಲಿ, ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ 2003ರಲ್ಲಿ ಮಂಗಳನನ್ನು ಸೇರಿ ಎರಡು ದಶಕ ದಾಟಿದವು. ಅವುಗಳ ಮುಂದೆ ಇದು ಸಣ್ಣ ಆಯುಸ್ಸು. ಅವು ಹೊತ್ತ ಸರಂಜಾಮು ಮತ್ತು ದುಡ್ಡು ನೋಡಿದರೆ ಸಣ್ಣದಲ್ಲ.

ಮುಂದಿನ ಪಾಳಿ ಶುಕ್ರನಲ್ಲಿ. ಶುಕ್ರನ ಕಕ್ಷೆಗೆ ನೌಕೆ ಕಳಿಸುವ 1,236 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ಹಾರಿಸುವ ಗುರಿ 2028ರ ಮಾರ್ಚ್. ಅಲ್ಲಿ ಬಿಸಿಲಿಗೆ ಬರವಿಲ್ಲ, ಭೂಮಿಯ ಬಳಿ ಬೀಳುವುದರ ಎರಡು ಪಟ್ಟು, ಕಾಯಬೇಕಾದದ್ದು ಶಾಖದಿಂದ. ಅಲ್ಲದೆ ಇಂಧನ ಉಳಿಸಲು ಶುಕ್ರನ ವಾತಾವರಣದ ಮೇಲ್ಪದರಕ್ಕೇ ನೌಕೆಯನ್ನು ಸವರಿಸಿ, ಆ ಉಜ್ಜುವಿಕೆಯಲ್ಲೇ ಕಕ್ಷೆ ಇಳಿಸುವ ಯೋಜನೆಯಿದೆ. 2006ರಲ್ಲಿ ನಾಸಾದ ಎಂಆರ್‌ಒ ನೌಕೆ ಮಂಗಳನಲ್ಲಿ ಹೀಗೆ ಇಳಿಯಲು 400ಕ್ಕೂ ಹೆಚ್ಚು ಸಲ ಗಾಳಿಯನ್ನು ಸವರಿತ್ತು, ಐದು ತಿಂಗಳು ಹಿಡಿದಿತ್ತು. ಪ್ರತಿ ಸವರಿಕೆಗೂ ಮುಂಚೆ ಗಾಳಿ ಎಷ್ಟು ಉಬ್ಬಿದೆಯೆಂದು ಅಳೆದು ಮುಂದಿನ ಎತ್ತರ ಗೊತ್ತುಮಾಡಬೇಕು. ತುಸು ಕೆಳಗಾದರೆ ಫಲಕ ಕಾದು ಕೆಡುತ್ತದೆ, ತುಸು ಮೇಲಾದರೆ ತಿಂಗಳುಗಳು ಹೆಚ್ಚುತ್ತವೆ. ಆ ಲೆಕ್ಕಕ್ಕೆ ಕೂರಬೇಕಾದವರಲ್ಲಿ ಕೆಲವರು ಇನ್ನೂ ಎಂಜಿನಿಯರಿಂಗ್ ಕಾಲೇಜಿನಲ್ಲಿರಬಹುದು.